ಬೆಂಚು ಬಿಟ್ಟರೂ ಜೊತೆ ಬಿಡದಿರಲಿ

ಹತ್ತನೇ ತರಗತಿ ಪರೀಕ್ಷೆ ಹತ್ತಿರ ಬಂತೆಂದರೆ ಆದೋನಿ, ಕೌತಾಳಂ, ಹೊಳಗುಂದ ಭಾಗದ ಕನ್ನಡ ಶಾಲೆಗಳಲ್ಲಿ ಬೀಳ್ಕೊಡುಗೆಯ ಕಾಲ. ಮಾತಾಡಲು ನಿಂತ ಮಕ್ಕಳ ಕಣ್ಣು ತುಂಬುವುದಕ್ಕೆ ಕಾರಣವಿದೆ.

ಇಲ್ಲಿನ ಎಷ್ಟೋ ಕುಟುಂಬಗಳು ಹತ್ತಿ, ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆ ಗುಳೆ ಹೋಗುತ್ತವೆ. ಜನ ಅದನ್ನು ‘ಸುಗ್ಗಿಗೆ ಹೋಗುವುದು’ ಎನ್ನುತ್ತಾರೆ. ಓದಿನ ಮುಖ್ಯ ತಿಂಗಳುಗಳೂ ಅವೇ. ಆಗ ಮಕ್ಕಳನ್ನು ಶಾಲೆಯಲ್ಲಿ ಉಳಿಸುವುದರಲ್ಲಿ ಗೆಳೆತನದ ಪಾಲು ದೊಡ್ಡದು: ತಪ್ಪಿದ ಪಾಠದ ನೋಟ್ಸ್ ಕೊಡುವ ಗೆಳೆಯ, ಪರೀಕ್ಷೆ ಮುಗಿಯುವತನಕ ಇಟ್ಟುಕೊಳ್ಳುವ ಗೆಳತಿಯ ಮನೆ.

ಆಮೇಲೆ ದಾರಿ ಕವಲೊಡೆಯುತ್ತದೆ. ಕೆಲವರು ಆದೋನಿಯಲ್ಲೇ ತೆಲುಗು ಇಲ್ಲವೇ ಇಂಗ್ಲಿಷ್‌ನಲ್ಲಿ ಇಂಟರ್‌ಮೀಡಿಯೆಟ್ ಓದುತ್ತಾರೆ. ಕೆಲವರು ಸಿರುಗುಪ್ಪ, ಬಳ್ಳಾರಿಯಲ್ಲಿ ಪಿಯುಸಿ ಸೇರುತ್ತಾರೆ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ಆ ಗಡಿ ಇಂದು ಒಂದೇ ಬೆಂಚಿನ ಗೆಳೆಯರ ನಡುವೆ ಬರುತ್ತದೆ.

ಪಾಲಕರೇ, ಕಾಲೇಜು ಆರಿಸುವ ಮುನ್ನ ಮಕ್ಕಳ ಗೆಳೆಯರ ಮನೆಯವರ ಜೊತೆಗೂ ಒಮ್ಮೆ ಮಾತಾಡಿ. ಇಬ್ಬರು ಮೂವರು ಒಟ್ಟಿಗೆ ಸೇರಿದರೆ ಬಸ್ಸಿನ ದಾರಿಯೂ ಹೊಸ ಭಾಷೆಯ ಪಾಠವೂ ಹಗುರ. ‘ಒಬ್ಬಳನ್ನೇ ಹೇಗೆ ಕಳಿಸುವುದು’ ಎಂಬ ಕಾರಣಕ್ಕೆ ಮಗಳ ಓದು ಹತ್ತಕ್ಕೇ ನಿಲ್ಲುವುದೂ ತಪ್ಪುತ್ತದೆ.