ಒಲ್ಲೆನೆಂದ ಹಾಡುಗಳು

ನ್ಯಾಶ್‌ವಿಲ್ ಊರಿನ ಹದಿನಾರನೇ ಅವೆನ್ಯೂದಲ್ಲಿ ಒಂದು ಹಳೆಯ ಮನೆ. ಅದರ ಬೆನ್ನಿಗೆ ಅರ್ಧಚಂದ್ರದ ಮಾಡಿನ ತಗಡಿನ ಷೆಡ್ಡು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯ ಸರಕು ತುಂಬಲು, ಸಿಪಾಯಿಗಳನ್ನು ಮಲಗಿಸಲು ಸಾವಿರಾರು ಸಂಖ್ಯೆಯಲ್ಲಿ ಎಬ್ಬಿಸಿದ್ದ ಮಾದರಿಯದು, ಹೆಸರು ಕ್ವಾನ್ಸೆಟ್ ಹಟ್. ಓವೆನ್ ಬ್ರಾಡ್ಲಿ ಮತ್ತು ಅವನ ತಮ್ಮ ಹೆರಾಲ್ಡ್ ಸೇರಿ 1950ರ ದಶಕದ ನಡುವಿನಲ್ಲಿ ಅದನ್ನು ಸ್ಟುಡಿಯೋ ಮಾಡಿಕೊಂಡಿದ್ದರು. 1961ರ ಆಗಸ್ಟ್ 21ರಂದು ಆ ಷೆಡ್ಡಿನೊಳಗೆ ಇಪ್ಪತ್ತೆಂಟರ ಹೆಂಗಸೊಬ್ಬಳು ಊರುಗೋಲು ಊರಿಕೊಂಡು ಬಂದಳು. ಹಣೆಯ ಮೇಲೆ ಅಡ್ಡಲಾಗಿ ಹೊಲಿಗೆಯ ಗಾಯ, ಇನ್ನೂ ಹಸಿ. ಕಂಟ್ರಿ ಗಾಯಕಿ, ಹೆಸರು ಪ್ಯಾಟ್ಸಿ ಕ್ಲೈನ್.

ಎರಡು ತಿಂಗಳ ಹಿಂದೆ, ಜೂನ್ 14ರಂದು, ಎದುರಿನಿಂದ ಬಂದ ಕಾರು ಆಕೆ ಕೂತಿದ್ದ ಕಾರಿಗೆ ಗುದ್ದಿ ಮುಂಗಾಜಿಗೆ ಎಸೆದಿತ್ತು. ಸೊಂಟದ ಕೀಲು ತಪ್ಪಿತ್ತು, ಮಣಿಕಟ್ಟು ಮುರಿದಿತ್ತು, ಪಕ್ಕೆಲುಬುಗಳು ನೊಂದಿದ್ದವು. ಆಸ್ಪತ್ರೆಯಲ್ಲಿ ತಿಂಗಳೊಪ್ಪತ್ತು. ಹಾಡುವವರಿಗೆ ಪಕ್ಕೆಲುಬೆಂದರೆ ತಿದಿಯ ಚೌಕಟ್ಟು. ಉಸಿರು ತುಂಬಿಕೊಂಡರೆ ನೋವು, ತುಂಬಿಕೊಳ್ಳದಿದ್ದರೆ ಮೇಲಿನ ಸ್ವರ ಎಟುಕದು.

ವಾದ್ಯಗಾರರು ಆಗಲೇ ಕೂತಿದ್ದಾರೆ. ಬಾಬ್ ಮೂರ್ ನಿಲುವು ಬಾಸ್ ಹಿಡಿದಿದ್ದಾನೆ. ಅವನು ಮೀಟಿದ ಸ್ವರಗಳನ್ನೇ ಹೆರಾಲ್ಡ್ ಆರು ತಂತಿಯ ಎಲೆಕ್ಟ್ರಿಕ್ ಬಾಸಿನಲ್ಲಿ ಒಂದು ಸ್ಥಾಯಿ ಮೇಲೆ ಟಕ್ ಟಕ್ ಎಂದು ಒತ್ತಿ ನುಡಿಸಬೇಕು. ಅದಕ್ಕೆ ಅಲ್ಲಿನವರು ಇಟ್ಟ ಹೆಸರು ‘ಟಿಕ್-ಟ್ಯಾಕ್’. ಡ್ರಮ್ಮಿನ ಹಿಂದೆ ಬಡ್ಡಿ ಹಾರ್ಮನ್, ಗಿಟಾರಿನಲ್ಲಿ ಗ್ರೇಡಿ ಮಾರ್ಟಿನ್, ಕೀಲಿಮಣೆಗಳಿಗೆ ಫ್ಲಾಯ್ಡ್ ಕ್ರೇಮರ್ ಮತ್ತು ಕಣ್ಣು ಕಾಣದ ಹಾರ್ಗಸ್ ರಾಬಿನ್ಸ್. ಎಲ್ವಿಸ್ ಪ್ರೀಸ್ಲಿಯ ಬೆನ್ನಿಗೆ ನಿಂತು ಹಾಡುವ ಜೋರ್ಡನೇರ್ಸ್ ನಾಲ್ವರು ಒಂದೇ ಮೈಕಿನ ಸುತ್ತ. ಇವರೆಲ್ಲ ದಿನಕ್ಕೆ ಎರಡು ಮೂರು ರೆಕಾರ್ಡಿಂಗ್ ಮುಗಿಸುವ ಮಂದಿ, ಬರೆದಿಟ್ಟ ಸ್ವರಲಿಪಿಯ ಹಂಗಿಲ್ಲ. ಮೂರು ಗಂಟೆಗೆ ನಾಲ್ಕು ಹಾಡು, ಇದು ಊರಿನ ರೂಢಿ.

ಅಂದು ನಾಲ್ಕು ಗಂಟೆ ಕಳೆದರೂ ಒಂದೇ ಹಾಡು ಮುಗಿಯಲಿಲ್ಲ.

ಹಾಡು ‘ಕ್ರೇಜಿ’. ಬರೆದವನು ವಿಲ್ಲಿ ನೆಲ್ಸನ್, ಟೆಕ್ಸಸ್ಸಿನಿಂದ ಬಂದು ಟೂಟ್ಸೀಸ್ ಎಂಬ ಹೆಂಡದಂಗಡಿಯಲ್ಲಿ ಗೆಳೆಯರೊಡನೆ ಕಾಲ ಕಳೆಯುತ್ತಿದ್ದ ಬಡ ಹಾಡುಗಾರ. ಪ್ಯಾಟ್ಸಿಯ ಗಂಡ ಚಾರ್ಲಿ ಡಿಕ್ ಅಲ್ಲಿ ಅದನ್ನು ಕೇಳಿ ಮರುಳಾದ. ನಡುರಾತ್ರಿಯಲ್ಲೇ ಮನೆಗೆ ಕರೆದೊಯ್ದ, ತಾನು ಮಾತ್ರ ಅಳುಕಿ ಕಾರಿನಲ್ಲೇ ಕೂತಿದ್ದೆ, ಪ್ಯಾಟ್ಸಿಯೇ ಬಂದು ಒಳಗೆ ಎಳೆದುಕೊಂಡು ಹೋದಳು ಎಂದು ವಿಲ್ಲಿ ಮುಂದೆ ಎಷ್ಟೋ ಸಲ ಹೇಳಿದ್ದಾನೆ. ಆದರೆ ಹಾಡು ಆಕೆಗೆ ಹಿಡಿಸಲಿಲ್ಲ. ವಿಲ್ಲಿಯದು ತಾಳದ ಹಿಂದೆ ಮುಂದೆ ಜಾರಾಡುತ್ತಾ ಅರ್ಧ ಮಾತು, ಅರ್ಧ ಹಾಡು ಎನ್ನುವ ಶೈಲಿ. ಅದನ್ನೇ ಅನುಕರಿಸಲು ಹೋದರೆ ಗಂಟಲು ಒಪ್ಪದು.

ಕೊನೆಗೆ ಓವೆನ್ ಬ್ರಾಡ್ಲಿ ಒಂದು ನಿರ್ಧಾರಕ್ಕೆ ಬಂದ. ಟೇಪಿನಲ್ಲಿ ಮೂರು ಟ್ರ್ಯಾಕ್ ಇದ್ದವು. ವಾದ್ಯ ಮತ್ತು ಹಿನ್ನೆಲೆ ದನಿಗಳನ್ನು ಹಿಡಿದಿಟ್ಟು, ಕಂಠದ ಜಾಗವನ್ನು ಖಾಲಿ ಬಿಟ್ಟು ಆಕೆಯನ್ನು ಮನೆಗೆ ಕಳಿಸಿದ. ಕೆಲವು ವಾರಗಳ ನಂತರ, ಪಕ್ಕೆ ಸ್ವಲ್ಪ ಸುಧಾರಿಸಿದ ಮೇಲೆ, ಪ್ಯಾಟ್ಸಿ ಬಂದು ಒಂದೇ ಸಲಕ್ಕೆ ಹಾಡಿ ಹೋದಳಂತೆ. ವಿಲ್ಲಿಯ ಜಾರಾಟ ಅದರಲ್ಲಿಲ್ಲ. ಮೊದಲ ಪದವನ್ನೇ ತುಂಬು ಗಂಟಲಿನಿಂದ ಎತ್ತಿ, ಮೆಲ್ಲಗೆ ಬಾಗಿಸಿ ಇಳಿಸುತ್ತಾಳೆ. ಎಲ್ಲಿಯೂ ಅಳುವುದಿಲ್ಲ, ಅಳು ಹೊಸ್ತಿಲವರೆಗೆ ಬಂದು ನಿಂತಿರುತ್ತದೆ. ಹಾಡು ಕಂಟ್ರಿ ಪಟ್ಟಿಯಲ್ಲಿ 2ನೇ, ಪಾಪ್ ಪಟ್ಟಿಯಲ್ಲಿ 9ನೇ ಸ್ಥಾನಕ್ಕೆ ಏರಿತು.

ಹಾಡನ್ನು ಒಲ್ಲೆನೆನ್ನುವ ಈ ಹಟ ಹೊಸದೇನಲ್ಲ. ಆ ವರ್ಷವೇ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೇರಿದ್ದ ‘ಐ ಫಾಲ್ ಟು ಪೀಸಸ್’ ಹಾಡಿನ ರೆಕಾರ್ಡಿಂಗಿನಲ್ಲೂ ಆಕೆಯದು ತಕರಾರೇ. ಜೋರ್ಡನೇರ್ಸ್ ದನಿಗಳಲ್ಲಿ ತನ್ನ ದನಿ ಮುಳುಗಿಹೋಗುತ್ತದೆಂಬ ಭಯ. ಅದಕ್ಕೂ ಹಿಂದೆ, 1957ರ ಜನವರಿ 21ರಂದು ಆರ್ಥರ್ ಗಾಡ್‌ಫ್ರಿಯ ಟೆಲಿವಿಷನ್ ಸ್ಪರ್ಧೆಯಲ್ಲಿ ಹಾಡಿ ಗೆದ್ದ ‘ವಾಕಿನ್ ಆಫ್ಟರ್ ಮಿಡ್‌ನೈಟ್’ ಕೂಡ ಆಕೆಗೆ ಬೇಡವಾಗಿದ್ದ ಹಾಡೇ. ಅಮ್ಮ ಹೊಲಿದುಕೊಟ್ಟ ಜಾಲರಿ ಅಂಚಿನ ಕೌಗರ್ಲ್ ಉಡುಪೂ ಅಂದು ಬೇಡವೆನಿಸಿಕೊಂಡಿತು. ಪೇಟೆಯ ಹೆಂಗಸರಂತೆ ಕಾಕ್‌ಟೇಲ್ ಗೌನು ತೊಡಿಸಿ ನಿಲ್ಲಿಸಿದರು. ಚಪ್ಪಾಳೆ ಅಳೆಯುವ ಮುಳ್ಳು ತುದಿಗೆ ಹೋಗಿ ಅಲ್ಲೇ ನಿಂತುಬಿಟ್ಟಿತು. ಆ ಪ್ರತಿಭೆಯನ್ನು ‘ಪತ್ತೆ ಹಚ್ಚಿ’ ಕರೆತಂದವಳೆಂದು ವೇದಿಕೆ ಏರಿದಾಕೆ ಬೇರಾರೂ ಅಲ್ಲ, ಹೆತ್ತ ತಾಯಿ ಹಿಲ್ಡಾ. ನಂಟಿನ ಬಗ್ಗೆ ಬಾಯಿಬಿಟ್ಟಿರಲಿಲ್ಲ.

ಹಿಲ್ಡಾ ಹದಿನಾರರಲ್ಲಿ ಹೆತ್ತ ಮಗಳು. ವರ್ಜೀನಿಯಾದ ವಿಂಚೆಸ್ಟರ್, 1932ರ ಸೆಪ್ಟೆಂಬರ್ 8. ಅಪ್ಪ ಕಮ್ಮಾರ, ಮಗಳು ಹದಿಹರೆಯಕ್ಕೆ ಬಂದಾಗ ಮನೆ ಬಿಟ್ಟು ನಡೆದ. ತಾಯಿ ಬಟ್ಟೆ ಹೊಲಿದಳು, ಮಗಳು ಶಾಲೆ ಬಿಟ್ಟು ಔಷಧಿ ಅಂಗಡಿಯಲ್ಲಿ ಗಿರಾಕಿಗಳಿಗೆ ಸೋಡಾ ಬೆರೆಸಿ ಕೊಟ್ಟಳು. ಹದಿಮೂರರಲ್ಲಿ ಗಂಟಲಿಗೆ ಸೋಂಕಾಗಿ, ವಾತಜ್ವರ ಬಂದು ಸಾವಿನಂಚಿಗೆ ಹೋಗಿ ಬಂದಿದ್ದಳು. ಅದಾದ ಮೇಲೆಯೇ ತನ್ನ ದನಿ ಹೀಗೆ ಗುಡುಗತೊಡಗಿದ್ದು ಎಂಬುದು ಆಕೆಯ ನಂಬಿಕೆ. ವೈದ್ಯರು ಏನೆನ್ನುವರೋ, ದನಿ ಮಾತ್ರ ಗುಡುಗೇ.

ಆದರೆ 1954ರಲ್ಲಿ ಸಹಿ ಹಾಕಿದ ಫೋರ್ ಸ್ಟಾರ್ ಕಂಪನಿಯ ಕರಾರಿನಲ್ಲಿ ಒಂದು ಕೊಕ್ಕೆ ಇತ್ತು: ಆ ಕಂಪನಿಯ ಹಕ್ಕಿನ ಹಾಡುಗಳನ್ನು ಮಾತ್ರ ಹಾಡಬೇಕು. ಐದಾರು ವರ್ಷಗಳಲ್ಲಿ 51 ಹಾಡು, ಗೆದ್ದದ್ದು ಒಂದೇ. ಆ ರೆಕಾರ್ಡುಗಳನ್ನು ಇಂದು ಕೇಳಿದರೆ ಬೆಟ್ಟದಂಥ ದನಿ ಸಪ್ಪೆ ಸಾಹಿತ್ಯವನ್ನು ಹೊತ್ತು ಏದುಸಿರು ಬಿಡುವುದು ತಿಳಿಯುತ್ತದೆ. ಹೀಗಾಗಿ ‘ಇದು ಬೇಡ’ ಎಂಬ ಆಕೆಯ ಮಾತನ್ನು ಬರೀ ಮೊಂಡುತನವೆನ್ನಲು ನನಗೆ ಮನಸ್ಸಿಲ್ಲ. ಬೇಡವೆನ್ನುವ ಹಕ್ಕೇ ಇಲ್ಲದೆ ಅಷ್ಟು ವರ್ಷ ಹಾಡಿದವಳು ಆಕೆ. ಡೆಕ್ಕಾ ಕಂಪನಿಗೆ ಬಂದ ಮೇಲೆ ಓವೆನ್ ಬ್ರಾಡ್ಲಿಯೊಡನೆ ಕೂತು ಜಗಳವಾಡಬಹುದಿತ್ತು, ಆಡಿದಳು. ನೃತ್ಯ ಬ್ಯಾಂಡು ನಡೆಸಿದ್ದ ಪಿಯಾನೋಗಾರ ಆತ. ಪಿಟೀಲು ಸಮೂಹ ಮತ್ತು ಕೋರಸ್ಸನ್ನು ಕಂಟ್ರಿ ಸಂಗೀತದೊಳಕ್ಕೆ ತಂದು ‘ನ್ಯಾಶ್‌ವಿಲ್ ಸೌಂಡ್’ ಎಂಬುದನ್ನು ಕಟ್ಟಿದವರಲ್ಲೊಬ್ಬ. ಆಕೆಗೆ ಯೋಡ್ಲಿಂಗ್ ಬೇಕು, ಕುಣಿತದ ಹಾಡು ಬೇಕು. ಆತನಿಗೆ ಆ ಗುಡುಗನ್ನು ಪಿಸುಮಾತಿನ ಹತ್ತಿರಕ್ಕೆ ತರಬೇಕು. ಗೆದ್ದದ್ದು ಆತನೇ. ಆದರೂ ಕುಣಿಯಲು ಬಿಟ್ಟಿದ್ದರೆ ಇನ್ನೇನು ಹುಟ್ಟುತ್ತಿತ್ತೋ ಎಂಬ ಕುತೂಹಲ ಉಳಿದೇ ಇದೆ.

ಜಗಳವಿಲ್ಲದೆ ಒಲಿದದ್ದೂ ಒಂದಿದೆ. ಹಾಡು ಬರೆಯುವ ಹ್ಯಾಂಕ್ ಕಾಕ್ರನ್ ತಂದ ‘ಶೀಸ್ ಗಾಟ್ ಯೂ’ ಕೇಳಿದ ಕೂಡಲೇ ಹಿಡಿಸಿತು, 1962ರಲ್ಲಿ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೂ ಹೋಯಿತು.

1963ರ ಫೆಬ್ರವರಿಯಲ್ಲಿ ಮತ್ತೆ ಅದೇ ಷೆಡ್ಡಿನಲ್ಲಿ ನಾಲ್ಕು ದಿನ. ‘ಸ್ವೀಟ್ ಡ್ರೀಮ್ಸ್’, ‘ಫೇಡೆಡ್ ಲವ್’. ಎರಡನೆಯದರ ಕೊನೆಯಲ್ಲಿ ಪದದ ಮುಂಚೆ ಆಕೆ ಎಳೆದುಕೊಳ್ಳುವ ಉಸಿರು ಬಿಕ್ಕಿನಂತೆ ಕೇಳಿಸುತ್ತದೆ. ತಾಂತ್ರಿಕವಾಗಿ ಅಳಿಸಬಹುದಾದ ಸದ್ದು. ಉಳಿಸಿಕೊಂಡರು, ಪುಣ್ಯಾತ್ಮರು.

ಮಾರ್ಚ್ 3ರಂದು ಕಾನ್ಸಾಸ್ ಸಿಟಿಯಲ್ಲಿ, ಅಪಘಾತದಲ್ಲಿ ತೀರಿಕೊಂಡ ರೇಡಿಯೋ ನಿರೂಪಕನೊಬ್ಬನ ಕುಟುಂಬಕ್ಕಾಗಿ ಸಹಾಯಾರ್ಥ ಕಾರ್ಯಕ್ರಮ. ಮರಳುವಾಗ ಗಾಯಕಿ ಡಾಟಿ ವೆಸ್ಟ್ ಕಾರಿನಲ್ಲಿ ಬಾ ಎಂದು ಕರೆದರೂ ಪ್ಯಾಟ್ಸಿ ಪುಟ್ಟ ವಿಮಾನವನ್ನೇ ಆರಿಸಿಕೊಂಡಳು. ನಡೆಸುತ್ತಿದ್ದವನು ಆಕೆಯ ಮ್ಯಾನೇಜರ್ ರ್‍ಯಾಂಡಿ ಹ್ಯೂಸ್, ಜೊತೆಗೆ ಗಾಯಕರಾದ ಕೌಬಾಯ್ ಕೋಪಸ್ ಮತ್ತು ಹಾಕ್‌ಷಾ ಹಾಕಿನ್ಸ್. ಮಾರ್ಚ್ 5ರ ಸಂಜೆ ಕೆಟ್ಟ ಹವೆಯಲ್ಲಿ ವಿಮಾನ ಟೆನೆಸ್ಸಿಯ ಕ್ಯಾಮ್ಡೆನ್ ಬಳಿಯ ಕಾಡಿಗೆ ಬಿತ್ತು. ಯಾರೂ ಉಳಿಯಲಿಲ್ಲ. ಆಕೆಗೆ ಮೂವತ್ತು ವರ್ಷ.

ಬದುಕಿದ್ದಾಗ ಬಂದದ್ದು ಮೂರೇ ಸ್ಟುಡಿಯೋ ಆಲ್ಬಮ್ಮು. 1967ರ ‘ಗ್ರೇಟೆಸ್ಟ್ ಹಿಟ್ಸ್’ ಒಂದೇ ಅಮೆರಿಕದಲ್ಲಿ ಕೋಟಿ ಪ್ರತಿ ದಾಟಿತು. 1973ರಲ್ಲಿ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಸೇರಿದಾಗ, ಆ ಗೌರವ ಒಂಟಿಯಾಗಿ ಪಡೆದ ಮೊದಲ ಗಾಯಕಿ. ಇನ್ನೂ ವಿಚಿತ್ರ ಮುಂದಿದೆ. ಕಂಠ ಬೇರೆ ಟ್ರ್ಯಾಕಿನಲ್ಲಿತ್ತಲ್ಲ, 1980ರ ದಶಕದ ಆರಂಭದಲ್ಲಿ ಅದನ್ನು ಕಳಚಿ, 1964ರಲ್ಲಿ ವಿಮಾನ ದುರಂತದಲ್ಲೇ ಸತ್ತ ಗಾಯಕ ಜಿಮ್ ರೀವ್ಸ್‌ನ ಕಂಠಕ್ಕೆ ಕೂಡಿಸಿ ಜೋಡಿಗೀತೆ ಹೊರತಂದರು. ಇಬ್ಬರೂ ಜೊತೆಯಾಗಿ ಒಂದು ಹಾಡನ್ನೂ ರೆಕಾರ್ಡ್ ಮಾಡಿದವರಲ್ಲ. ಬೆಸುಗೆ ನಾಜೂಕಾಗಿದೆ, ರೆಕಾರ್ಡು ಮಾರಾಟವೂ ಆಯಿತು. ನನಗೇನೋ ಅದು ಒಗ್ಗದು. ಈ ಒಂದು ಹಾಡಿಗಾದರೂ ಒಲ್ಲೆ ಎನ್ನಲು ಆಕೆ ಇರಬೇಕಿತ್ತು, ಓವೆನ್ ಬ್ರಾಡ್ಲಿ ಎಷ್ಟು ಪುಸಲಾಯಿಸಿದರೂ.