ಚೀಟಿ ಎತ್ತಿ ಹಂಚಿದ ಸಂಗೀತ

ನಮ್ಮ ಹಳ್ಳಿಗಳಲ್ಲಿ ಹಂಚಿಕೆಗೆ ತಕರಾರು ಬಂದರೆ ಹೆಸರು ಬರೆದ ಚೀಟಿಗಳನ್ನು ಚೊಂಬಿಗೆ ಹಾಕಿ, ಇನ್ನೂ ಓದು ಬಾರದ ಮಗುವಿನ ಕೈಯಲ್ಲಿ ಎತ್ತಿಸುವುದುಂಟು. ಸಾಹುಕಾರನದೂ ಕೂಲಿಯವನದೂ ಅಲ್ಲಿ ಒಂದೇ ಅಳತೆಯ ಕಾಗದ. 2005ರ ಜೂನ್‌ನಲ್ಲಿ ಬ್ರಿಟನ್ನಿನಲ್ಲಿ ಒಂದು ಸಂಗೀತ ಕಾರ್ಯಕ್ರಮದ ಟಿಕೆಟ್ ಹಂಚಲು ಇದೇ ಕೆಲಸ ಮೊಬೈಲ್ ಮೂಲಕ ನಡೆಯಿತು.

ಸಂಗೀತಗಾರ ಬಾಬ್ ಗೆಲ್ಡಾಫ್ 1985ರಲ್ಲಿ ಇಥಿಯೋಪಿಯಾದ ಬರಗಾಲಕ್ಕೆ ಹಣ ಕೂಡಿಸಲು ‘ಲೈವ್ ಏಡ್’ ಸಂಗೀತ ಕಾರ್ಯಕ್ರಮ ಮಾಡಿದ್ದರು. ಲಂಡನ್ನಿನ ವೆಂಬ್ಲಿಯಲ್ಲಿ ಅದರ ಟಿಕೆಟ್‌ಗೆ 25 ಪೌಂಡ್. ಅದರಲ್ಲಿ 20 ಪೌಂಡ್ ದೇಣಿಗೆ. ಇಪ್ಪತ್ತು ವರ್ಷದ ನಂತರದ ‘ಲೈವ್ 8’ರ ಉದ್ದೇಶ ಬೇರೆ. ಎಂಟು ದೊಡ್ಡ ರಾಷ್ಟ್ರಗಳ ಕೂಟವಾದ ಜಿ8ರ ನಾಯಕರು ಸ್ಕಾಟ್ಲೆಂಡಿನಲ್ಲಿ ಸೇರುವ ಮುನ್ನ ಬಡ ದೇಶಗಳ ಸಾಲ ಮನ್ನಾಕ್ಕಾಗಿ ಜನ ಒಟ್ಟಾಗಿ ಕೇಳಬೇಕಿತ್ತು. ದುಡ್ಡಲ್ಲ, ಜನ ಬೇಕಿದ್ದರು. ಆದ್ದರಿಂದಲೇ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಡೆದ ಕಾರ್ಯಕ್ರಮಕ್ಕೆ ಪ್ರವೇಶ ಉಚಿತವಾಯಿತು.

ಉಚಿತ ಎಂದ ಮೇಲೆ ಹಂಚುವುದು ಹೇಗೆ? ಸರತಿ ಸಾಲು ಇಟ್ಟರೆ ಹತ್ತಿರದವರಿಗೆ, ಬಿಡುವಿದ್ದವರಿಗೆ ಮಾತ್ರ ಸಿಗುತ್ತದೆ. ಅದಕ್ಕೇ ಎಸ್ಎಂಎಸ್. ಒಂದು ಸುಲಭ ಪ್ರಶ್ನೆ, ಕೆಳಗೆ ಕೆಲವು ಆಯ್ಕೆ. ಸರಿಯುತ್ತರ ಕಳಿಸಿದವರ ನಡುವೆ ಡ್ರಾ. ದುಡ್ಡು ತೆಗೆದುಕೊಂಡು ಬರೀ ಅದೃಷ್ಟದ ಮೇಲೆ ಬಹುಮಾನ ಕೊಟ್ಟರೆ ಅದು ಲಾಟರಿ, ಅದಕ್ಕೆ ಕಾನೂನಿನ ಕಟ್ಟುಪಾಡು ಹೆಚ್ಚು. ಇಂಥ ಸ್ಪರ್ಧೆಗಳಲ್ಲಿ ಪ್ರಶ್ನೆ ಇಡುವ ರೂಢಿ ಬೆಳೆದದ್ದರ ಹಿಂದೆ ಇದೇ ಕಾರಣ. ಇಲ್ಲಿಯೂ ಒಂದು ಸಂದೇಶಕ್ಕೆ 1.50 ಪೌಂಡ್ ಖರ್ಚಿತ್ತು. ಬಂದದ್ದು 20 ಲಕ್ಷಕ್ಕೂ ಹೆಚ್ಚು ಸಂದೇಶ, ಇದ್ದದ್ದು 66,500 ಜೋಡಿ ಟಿಕೆಟ್. ಜೋಡಿಯಾಗಿ ಕೊಟ್ಟದ್ದು ನನಗೆ ಬಹಳ ಹಿಡಿಸಿದ ಸಂಗತಿ. ಗೆದ್ದವರು ಒಬ್ಬಂಟಿಯಾಗಿ ಹೋಗಬೇಕಿರಲಿಲ್ಲ.

ಹೆಸರು ಬಂದವರಲ್ಲಿ ಕೆಲವರು ಕೂಡಲೇ ಟಿಕೆಟ್ಟನ್ನು ಇಬೇ ಎಂಬ ಜಾಲತಾಣದಲ್ಲಿ ಹರಾಜಿಗೆ ಇಟ್ಟರು. ಬೆಲೆ ನೂರಾರು ಪೌಂಡ್‌ಗೆ ಏರಿತು. ಮಾರುವುದು ಕಾನೂನುಬಾಹಿರವೇನೂ ಅಲ್ಲ ಎಂದು ಇಬೇ ಕಂಪನಿ ಮೊದಲು ವಾದಿಸಿತು. ಗೆಲ್ಡಾಫ್ ಕೆಂಡವಾದರು. ಸಿಟ್ಟಿಗೆದ್ದ ಜನ ಲಕ್ಷಾಂತರ ಪೌಂಡ್‌ಗಳ ಸುಳ್ಳು ಬಿಡ್ ಕೂಗಿ ಹರಾಜನ್ನೇ ಕೆಡಿಸಿದರು. ಕೊನೆಗೆ ಇಬೇ ಆ ಟಿಕೆಟ್‌ಗಳನ್ನೆಲ್ಲ ತೆಗೆದುಹಾಕಿತು. ಜನ ಮಾಡಿದ್ದು ಸರಿಯೆಂದೇ ನನ್ನ ಭಾವನೆ. ಚೀಟಿ ಎತ್ತಿದ ಮೇಲೆ ಹೆಚ್ಚು ದುಡ್ಡಿದ್ದವನಿಗೆ ಜಾಗ ಸಿಗುವುದಾದರೆ ಚೀಟಿ ಎತ್ತಿದ್ದಾದರೂ ಏಕೆ?

2012ರಲ್ಲಿ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕಿನಲ್ಲಿ ಶುರುವಾದ ಗ್ಲೋಬಲ್ ಸಿಟಿಜನ್ ಉತ್ಸವ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಡ್ರಾಗೆ ಹೆಸರು ಸೇರಬೇಕಾದರೆ ಅರ್ಜಿಗೆ ಸಹಿ ಹಾಕಬೇಕು, ಸರ್ಕಾರಕ್ಕೆ ಪತ್ರ ಬರೆಯಬೇಕು. ಪ್ರತಿ ಕೆಲಸಕ್ಕೂ ಅಂಕ. 2016ರ ನವೆಂಬರ್ 19ರಂದು ಇದೇ ಉತ್ಸವದ ಮುಂಬೈ ವೇದಿಕೆಯಲ್ಲಿ ಕೋಲ್ಡ್‌ಪ್ಲೇ ತಂಡ ಹಾಡಿದಾಗ ನಮ್ಮ ದೇಶದ ಯುವಜನರಿಗೂ ಈ ದಾರಿ ತೆರೆದಿತ್ತು. ಅಂಕ ಎಷ್ಟಾದರೂ ಕೊನೆಯ ಮಾತು ಡ್ರಾದ್ದೇ.

ಹೈಡ್ ಪಾರ್ಕಿನ ಆ ರಾತ್ರಿಗೆ ಮರಳುತ್ತೇನೆ. ವರ್ಷಾನುಗಟ್ಟಲೆ ಮುನಿಸಿಕೊಂಡಿದ್ದ ರೋಜರ್ ವಾಟರ್ಸ್, ಡೇವಿಡ್ ಗಿಲ್ಮೋರ್ ಅಂದು ನಿಕ್ ಮೇಸನ್, ರಿಚರ್ಡ್ ರೈಟ್ ಜೊತೆ ಒಂದೇ ವೇದಿಕೆಗೆ ಬಂದರು. ಪಿಂಕ್ ಫ್ಲಾಯ್ಡ್ ಸಂಗೀತ ತಂಡದ ಈ ನಾಲ್ವರು ಒಟ್ಟಿಗೆ ನುಡಿಸಿ 24 ವರ್ಷವಾಗಿತ್ತು. ಹಾಡು ಮುಗಿದ ಮೇಲೆ ನಾಲ್ವರೂ ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ನಿಂತರು. 2008ರಲ್ಲಿ ರೈಟ್ ತೀರಿಕೊಂಡರು. ಆ ನಾಲ್ವರು ಮತ್ತೆಂದೂ ಒಟ್ಟಿಗೆ ನುಡಿಸಲಿಲ್ಲ.