ವಿಂಡೋಸ್ ಉನ್ನತೀಕರಣ ವಿಫಲವಾದಾಗ ಲೆಕ್ಕಪತ್ರಗಳ ರಕ್ಷಣೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಹುದಿಕೇರಿಯ ಕಾಫಿ, ಕರಿಮೆಣಸು ವರ್ತಕರಿಗೂ ವಿಂಡೋಸ್ 11ರ ಪ್ರಶ್ನೆ ಎದುರಾಗಿದೆ. ಈ ಕಾರ್ಯ ಅರ್ಧಕ್ಕೆ ನಿಂತರೆ ಅಪಾಯವಿರುವುದು ಯಂತ್ರಕ್ಕಿಂತ ಹೆಚ್ಚಾಗಿ ಅದರೊಳಗಿನ ಖಾತೆಗಳಿಗೆ.

ಉನ್ನತೀಕರಣ ವಿಫಲವಾದಾಗ ಗಣಕಯಂತ್ರವು ಸಾಮಾನ್ಯವಾಗಿ ತಾನಾಗಿಯೇ ಹಳೆಯ ಸ್ಥಿತಿಗೆ ಮರಳುತ್ತದೆ, ಕಡತಗಳು ಉಳಿದಿರುತ್ತವೆ. ಗಾಬರಿಯಿಂದ ಡಿಸ್ಕನ್ನು ಫಾರ್ಮ್ಯಾಟ್ ಮಾಡಿಸಿದರೆ ಅವು ಅಳಿಸಿಹೋಗುತ್ತವೆ. ಆದ್ದರಿಂದ ದುರಸ್ತಿಗೆ ಮುನ್ನ ಲೆಕ್ಕದ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಬೇರೊಂದು ಯಂತ್ರದಲ್ಲಿ ತೆರೆದು ಪರೀಕ್ಷಿಸತಕ್ಕದ್ದು.

ಬಳಿಕ ಪರದೆಯ ಮೇಲಿನ ದೋಷಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. 0ಎಕ್ಸ್‌ಸಿ1900101 ಎಂಬುದು ಬಹುತೇಕ ಡ್ರೈವರ್ ದೋಷದ ಸೂಚನೆ. ಪ್ರಿಂಟರ್, ಬಾರ್‌ಕೋಡ್ ಸ್ಕ್ಯಾನರ್‌ಗಳನ್ನು ಕಳಚಿ, ಡ್ರೈವರುಗಳನ್ನು ನವೀಕರಿಸಿ ಮತ್ತೆ ಯತ್ನಿಸಬೇಕು. 0ಎಕ್ಸ್80070070 ಎಂದರೆ ಡಿಸ್ಕಿನಲ್ಲಿ ಸ್ಥಳ ಸಾಲದು ಎಂದರ್ಥ. ಯಂತ್ರವೇ ಅನರ್ಹವೆಂಬ ಸಂದೇಶ ಬಂದರೆ, ವಿಂಡೋಸ್ 11ಕ್ಕೆ ಅಗತ್ಯವಾದ ಟಿಪಿಎಂ 2.0 ಭದ್ರತಾ ಸೌಲಭ್ಯವನ್ನು ಮೊದಲು ನೋಡಬೇಕು. ಅದು ಯಂತ್ರದಲ್ಲಿದ್ದೂ ಬಯಾಸ್‌ನಲ್ಲಿ ನಿಷ್ಕ್ರಿಯವಾಗಿರಬಹುದು. ಹೊಸ ಯಂತ್ರ ಕೊಳ್ಳುವ ಮುನ್ನ ಇಷ್ಟನ್ನು ಪರಿಶೀಲಿಸುವುದು ಲಾಭಕರ.

ಉನ್ನತೀಕರಣ ಪೂರ್ಣಗೊಂಡ ಮೇಲೆ ಲೆಕ್ಕದ ತಂತ್ರಾಂಶ ಕೆಲಸ ಮಾಡದಿದ್ದರೆ, ಹಿಂದಿನ ಆವೃತ್ತಿಗೆ ಮರಳಲು ಸಾಮಾನ್ಯವಾಗಿ 10 ದಿನಗಳ ಅವಕಾಶವಿದೆ. ಆದಕಾರಣ ಮೊದಲ ದಿನವೇ ಬಿಲ್ಲು, ಮುದ್ರಣ, ಜಿಎಸ್‌ಟಿ ಕಾರ್ಯಗಳನ್ನು ಪರೀಕ್ಷಿಸಬೇಕು.

ಮಳೆಗಾಲದಲ್ಲಿ ವಿದ್ಯುತ್ ಕೈಕೊಡುವ ಕೊಡಗಿನಲ್ಲಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ತೊಡಗುವುದು ಸಲ್ಲದು. ಕಾಫಿ ಕೊಯ್ಲಿನ ಹಾಗೂ ರಿಟರ್ನ್ ಸಲ್ಲಿಕೆಯ ದಿನಗಳನ್ನು ಬಿಟ್ಟು, ವಹಿವಾಟು ಕಡಿಮೆಯಿರುವ ವಾರವನ್ನು ಆರಿಸಿಕೊಳ್ಳುವುದು ವರ್ತಕರಿಗೆ ಶ್ರೇಯಸ್ಕರ.